ಬೆಟ್ಟದ ಚಿತ್ರವೂ ತೂಕದ ಗೆರೆಯೂ

ನಮ್ಮ ಮಾಗಡಿ ಸೀಮೆಯ ಸಾವನದುರ್ಗವನ್ನು ಕಾರ್ನ್‌ವಾಲಿಸನ ಸೈನ್ಯ ಹಿಡಿದದ್ದು 1791ರ ಡಿಸೆಂಬರಿನಲ್ಲಿ. ಆ ದಂಡಿನ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನೂ ಬಂದಿದ್ದ. ಅವನು ಬರೆದ ಸಾವನದುರ್ಗ, ರಾಮಗಿರಿ ಮೊದಲಾದ ಬೆಟ್ಟಗಳ ಚಿತ್ರಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಈ ಸೀಮೆಯನ್ನೇ ಕಾಣದವರಿಗೂ ಬಂಡೆಯ ಆಕಾರ ಒಂದೇ ನೋಟಕ್ಕೆ ತಿಳಿಯಿತು. ಆದರೆ ಬೆಟ್ಟದ ತಪ್ಪಲಿನ ಜನ ಏನು ಬೆಳೆದರು, ಎಷ್ಟು ಉಂಡರು ಎಂಬುದನ್ನು ಆ ಚಿತ್ರ ಹೇಳಲಾರದು.

ಅದನ್ನು ವಿಚಾರಿಸಲು 1800ರಲ್ಲಿ ಫ್ರಾನ್ಸಿಸ್ ಬುಕನನ್ ಬಂದ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರನ್ನೂ ಬಿಳಿ ಸಕ್ಕರೆ ಮಾಡುವವರನ್ನೂ ಕಂಡು ಬರೆದ. ಹೋದಲ್ಲೆಲ್ಲ ಬೆಳೆ, ಬೆಲೆ, ಕೂಲಿಗಳನ್ನು ಕೇಳಿ ಲೆಕ್ಕ ಹಾಕಿದ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಅಂಕಿಗಳ ಪಟ್ಟಿಗಳಿಗೆ ಕೊರತೆಯಿಲ್ಲ. ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯಿಸಿ ನಕ್ಷೆ ಮಾಡಿಸುತ್ತಿದ್ದ.

ಒಂದೇ ನಾಡು, ಮೂರು ಬಗೆಯ ಕಾಗದ. ಚಿತ್ರ ‘ಹೇಗಿದೆ’ ಎನ್ನುತ್ತದೆ, ಪಟ್ಟಿ ‘ಎಷ್ಟು’ ಎನ್ನುತ್ತದೆ, ನಕ್ಷೆ ‘ಎಲ್ಲಿ’ ಎನ್ನುತ್ತದೆ. ‘ಎತ್ತ ಸಾಗುತ್ತಿದೆ’ ಎಂಬ ಪ್ರಶ್ನೆಗೆ ಮಾತ್ರ ಈ ಮೂರರಲ್ಲೂ ಸುಲಭದ ಉತ್ತರವಿಲ್ಲ. ಅದಕ್ಕೆ ದಾರಿ ತೋರಿದವನು ವಿಲಿಯಂ ಪ್ಲೇಫೇರ್. 1786ರಲ್ಲಿ ಇಂಗ್ಲೆಂಡಿನ ವ್ಯಾಪಾರದ ಏರಿಳಿತವನ್ನು ಅವನು ಗೆರೆಗಳಲ್ಲಿ ಬರೆದು ತೋರಿಸಿದ. 1858ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಬಣ್ಣದ ಚಕ್ರವೊಂದನ್ನು ರಚಿಸಿ, ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ತಡೆಯಬಹುದಾಗಿದ್ದ ರೋಗಗಳಿಗೇ ಹೆಚ್ಚು ಸೈನಿಕರು ಬಲಿಯಾದರೆಂದು ದೊರೆಗಳ ಕಣ್ಣಿಗೆ ಕಟ್ಟುವಂತೆ ಮಾಡಿದಳು. ದೀಪ ಹಿಡಿದ ದಾದಿಯೆಂದಷ್ಟೇ ನಾವು ಮಕ್ಕಳಿಗೆ ಹೇಳುತ್ತೇವೆ. ಆಕೆ ಲೆಕ್ಕ ಬಲ್ಲವಳೆಂಬುದನ್ನು ಬಿಟ್ಟುಬಿಡುತ್ತೇವೆ.

ಅಂಕಿ ತಾನಾಗಿ ಸುಳ್ಳಾಡುವುದಿಲ್ಲ. ಆದರೆ ಅರ್ಧ ಹೇಳಿ ಸುಮ್ಮನಾಗಬಲ್ಲದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಸರಾಸರಿ ದರವನ್ನೇ ನೋಡಿ. ದರ ಚೆನ್ನಾಗಿದೆ ಎಂದು ನಾವು ಹಿಗ್ಗಬಹುದು. ಕಡಿಮೆ ಬೆಲೆಗೆ ಗೂಡು ಮಾರಿ ಊರಿಗೆ ಬಸ್ಸು ಹತ್ತಿದವಳ ಸಂಕಟ ಆ ಒಂದು ಅಂಕಿಯಲ್ಲಿ ಕರಗಿಹೋಗಿರುತ್ತದೆ. ಕನಿಷ್ಠ, ಗರಿಷ್ಠ ಎರಡನ್ನೂ ಪಕ್ಕದಲ್ಲಿಟ್ಟಾಗಲೇ ಅವಳು ಕಾಣುತ್ತಾಳೆ.

ಇದು ಪೇಟೆಯ ಮಾತಾಯಿತು. ಮಗುವಿನ ಜೀವದ ವಿಷಯದಲ್ಲಂತೂ ಈ ವ್ಯತ್ಯಾಸ ಇನ್ನೂ ದೊಡ್ಡದು. 1950ರ ದಶಕದಲ್ಲಿ ನೈಜೀರಿಯಾದ ಹಳ್ಳಿಯೊಂದರಲ್ಲಿ ಡೇವಿಡ್ ಮಾರ್ಲೆ ಎಂಬ ವೈದ್ಯ, ಮಗುವಿನ ತೂಕವನ್ನು ತಿಂಗಳು ತಿಂಗಳೂ ಚುಕ್ಕಿಯಿಟ್ಟು ಗೆರೆಯೆಳೆಯುವ ಕಾರ್ಡನ್ನು ರೂಪಿಸಿದ. ಅದನ್ನು ತಾಯಿಯ ಕೈಗೇ ಕೊಟ್ಟ. ನಮ್ಮಲ್ಲಿ 1975ರಲ್ಲಿ ಅಂಗನವಾಡಿ ಯೋಜನೆ ಆರಂಭವಾಯಿತು; ಕರ್ನಾಟಕದಲ್ಲಿ ಮೊದಲು ಅದು ಬಂದದ್ದು ತಿ. ನರಸೀಪುರಕ್ಕೆ. ಇಂಥದೇ ಗೆರೆಯ ಕಾರ್ಡು ನಮ್ಮ ಅಂಗನವಾಡಿಗಳಲ್ಲೂ ಬಳಕೆಗೆ ಬಂತು. ಹಸಿರು, ಹಳದಿ, ಕಿತ್ತಳೆ ಪಟ್ಟೆಗಳು ಮಗು ಎಲ್ಲಿದೆ ಎಂದು ತೋರಿಸುತ್ತವೆ; ಗೆರೆ ಎತ್ತ ಹೋಗುತ್ತಿದೆ ಎಂದು ತೋರಿಸುತ್ತದೆ. ಹಸಿರಿನಲ್ಲೇ ಇದ್ದರೂ ಗೆರೆ ಏರದಿದ್ದರೆ ಎಚ್ಚರಿಕೆ ಬೇಕು. ಬರಿಯ ತೂಕ ಬರೆದ ರಿಜಿಸ್ಟರಿನಲ್ಲಿ ಇದು ಚಟ್ಟನೆ ಕಣ್ಣಿಗೆ ಬೀಳುವುದಿಲ್ಲ.

ಕನಕಪುರದ ಕಡೆಯ ಹಳ್ಳಿಯೊಂದರಲ್ಲಿ ಓದು ಬಾರದ ತಾಯಿಯೊಬ್ಬಳು ತನ್ನ ಮಗಳ ಕಾರ್ಡಿನ ಮೇಲೆ ಬೆರಳಾಡಿಸಿ, “ಗೆರೆ ಮಲೀಕೊಂಡೈತಲ್ಲ ಟೀಚರಮ್ಮ” ಎಂದದ್ದನ್ನು ನಾನು ಕೇಳಿದ್ದೇನೆ. ಅಕ್ಷರ ಬಾರದಿದ್ದರೂ ಅವಳಿಗೆ ಸಂಗತಿ ತಿಳಿದಿತ್ತು. ಏಕೆ ಮಲಗಿತೆಂಬುದನ್ನು ಗೆರೆ ಹೇಳಲಿಲ್ಲ. ಮಗಳಿಗೆ ಭೇದಿಯಾಗಿತ್ತೇ, ಕೂಲಿಗೆ ಹೋದ ತಾಯಿಗೆ ಹೊತ್ತಿಗೆ ಉಣಿಸಲು ಆಗಿರಲಿಲ್ಲವೇ ಎಂದು ಕೂತು ಕೇಳಬೇಕಾಯಿತು.

ಲೆಕ್ಕವನ್ನು ಚಂದವಾಗಿ ಬರೆದು ಕಚೇರಿಗೆ ಕಳಿಸಿದರಷ್ಟೇ ಸಾಲದು. ಯಾರ ಮಗುವಿನ ಲೆಕ್ಕವೋ ಅವಳಿಗೆ ಅದು ಅರ್ಥವಾಗಬೇಕು. ನಿಮ್ಮ ಮನೆಯಲ್ಲೋ, ನಿಮ್ಮ ಮನೆಗೆಲಸದವಳ ಮನೆಯಲ್ಲೋ ಪುಟ್ಟ ಮಗುವಿದ್ದರೆ ಆ ಕಾರ್ಡನ್ನು ಒಮ್ಮೆ ತರಿಸಿ, ತಾಯಿಯ ಜೊತೆ ಕೂತು ಗೆರೆಯನ್ನು ನೋಡಿ.