ಮುಂಬಯಿಯ ಬೀಟೆಮರದ ಪೀಠೋಪಕರಣಗಳು: ಶೈಲಿ, ಮನೆ ಮತ್ತು ಮೂಲ

ಮುಂಬಯಿಯ ಚೋರ್ ಬಜಾರಿನಲ್ಲಾಗಲಿ ಜೋಗೇಶ್ವರಿಯ ಓಶಿವಾರಾದಲ್ಲಾಗಲಿ ಹಳೆಯ ಮರಸಾಮಾನಿನ ಅಂಗಡಿಗೆ ಹೋಗಿ, ಕೆತ್ತನೆಯ ಕರಿಯ ಕುರ್ಚಿಯೊಂದರ ಕಾಲ ದೇಶಗಳನ್ನು ವಿಚಾರಿಸಿದರೆ ‘ಪೋರ್ಚುಗೀಸ್’ ಅಥವಾ ‘ವಿಕ್ಟೋರಿಯನ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ತಮ್ಮ ಮನೆಯ ಗೋಡೆಯ ಬಣ್ಣಕ್ಕೆ ಕುರ್ಚಿ ಹೊಂದುವುದೇ ಎಂದು ನೋಡುವವರಿಗೆ ಅಷ್ಟು ಸಾಕು. ಇತಿಹಾಸದ ಅಭ್ಯಾಸಿಗಳಿಗೆ ಸಾಲದು. ಶೈಲಿಯ ಹೆಸರು ಆಕಾರವನ್ನು ಮಾತ್ರ ಹೇಳುತ್ತದೆ. ಮರ ಎಲ್ಲಿಯದು, ಯಾವ ಮನೆಗಾಗಿ ಮಾಡಿದ್ದು ಎಂಬುದನ್ನು ಅದು ಹೇಳುವುದಿಲ್ಲ. ಈ ಎರಡು ಪ್ರಶ್ನೆಗಳು ಕನ್ನಡ ನಾಡಿಗೆ ಸಂಬಂಧಿಸಿದವು ಎಂಬುದೇ ನಮ್ಮ ಈ ಬರೆಹಕ್ಕೆ ಕಾರಣ.

ಇಂಗ್ಲಿಷ್ ದಾಖಲೆಗಳಲ್ಲಿ ‘ಬಾಂಬೆ ಬ್ಲ್ಯಾಕ್‌ವುಡ್’ ಎಂದು ಹೆಸರಾದ ಶೈಲಿ 19ನೆಯ ಶತಮಾನದ ನಡುಭಾಗದಲ್ಲಿ ಮುಂಬಯಿಯಲ್ಲಿ ಪ್ರಸಿದ್ಧಿಗೆ ಬಂದಿತು. ಇದರ ಆಕಾರ ಯೂರೋಪಿನದು: ಅಂದು ಇಂಗ್ಲೆಂಡಿನಲ್ಲಿ ಪುನರುಜ್ಜೀವನ ಪಡೆದಿದ್ದ ರೊಕೊಕೊ ಮಾದರಿಯ ಬಾಗುಗಾಲು, ಅಲೆಯಂಚಿನ ಒರಗು. ಕೆತ್ತನೆಯ ಕೈ ಮಾತ್ರ ಇಲ್ಲಿನದು. ಒರಗನ್ನು ಆರಪಾರವಾಗಿ ಕೊರೆದು ಬಳ್ಳಿ, ಎಲೆ, ಹೂಗಳನ್ನು ಬಿಡಿಸಿದ ಸೋಫಾಗಳು, ದುಂಡುಮೇಜುಗಳು, ಹೂಕುಂಡದ ಪೀಠಗಳು ಪಾರ್ಸಿ ವರ್ತಕರ ಮತ್ತು ಯೂರೋಪಿಯನ್ನರ ಬಂಗಲೆಗಳನ್ನು ತುಂಬಿದವು. ಬ್ರಿಟಿಷ್ ಭಾರತದ ಪೀಠೋಪಕರಣಗಳನ್ನು ಕುರಿತ ಅಮಿನ್ ಜಾಫರ್ ಅವರ ಗ್ರಂಥ (2001) ಈ ಕ್ಷೇತ್ರದ ಅಭ್ಯಾಸಕ್ಕೆ ಅಗತ್ಯವಾದುದು. ಎತ್ತರದ ಮಾಡು, ಸುಣ್ಣದ ಬಿಳಿಗೋಡೆ, ಅಗಲವಾದ ಪಡಸಾಲೆಗಳಿದ್ದ ಮನೆಯಲ್ಲಿ ಈ ಕಪ್ಪು ಮರದ ಭಾರ ಕಣ್ಣಿಗೆ ಹೊರೆಯಾಗುತ್ತಿರಲಿಲ್ಲ. ಕೊರೆದ ಒರಗಿನಲ್ಲಿ ಗಾಳಿಯೂ ಬೆಳಕೂ ಹಾಯುತ್ತಿದ್ದವು. ಇಂದಿನ ತಗ್ಗು ಮಾಡಿನ ಫ್ಲ್ಯಾಟಿನಲ್ಲಿ ಅದೇ ಸೋಫಾ ಉಸಿರುಗಟ್ಟಿಸುವುದು ಅದರ ದೋಷವಲ್ಲ.

ಆ ಕಪ್ಪು ಮರ ನಮ್ಮ ಬೀಟೆ. ಸಸ್ಯಶಾಸ್ತ್ರದ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಅದು ಪಶ್ಚಿಮ ಘಟ್ಟದ, ವಿಶೇಷವಾಗಿ ಮಲಬಾರ್ ಮತ್ತು ಕನ್ನಡ ಜಿಲ್ಲೆಗಳ ಕಾಡುಗಳ ಸಂಪತ್ತು. ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿ 1956ರವರೆಗೆ ಮುಂಬಯಿಯ ಆಡಳಿತದಲ್ಲಿಯೇ ಉಳಿಯಿತು. ಕಾಳಿ ನದಿಯ ಕಣಿವೆಯ ಮರ ಕಾರವಾರದ ಕೋಡಿಬಾಗಕ್ಕಿಳಿದು ಕಡಲ ಹಾದಿಯಲ್ಲಿ ಮುಂಬಯಿಗೆ ಹೋಗುತ್ತಿತ್ತು. ಇತ್ತ ತೇಗ, ಬೀಟೆ, ಗಂಧಗಳು ಸರಕಾರದ ಮರಗಳು. ರೈತನ ಸ್ವಂತ ಭೂಮಿಯಲ್ಲಿ ಬೆಳೆದರೂ ಅವುಗಳ ಮೇಲೆ ಸರಕಾರದ ಹಕ್ಕು. ಬೀಟೆ ಬೆಳೆಯುವ ಊರಿನವನಿಗೆ ಬೀಟೆಯ ಮಂಚ ದುರ್ಲಭವಾಗಿ, ಮುಂಬಯಿಯ ದಿವಾನಖಾನೆಗೆ ಅದು ಸುಲಭವಾಯಿತು. ‘ಬಾಂಬೆ’ ಎಂಬ ವಿಶೇಷಣ ಈ ಸಂಗತಿಯನ್ನು ಮರೆಮಾಡಿದೆ.

ಕನ್ನಡ ನಾಡಿನಲ್ಲಿ ಆಸನ ವಿಚಾರವೇ ಇರಲಿಲ್ಲವೆಂದು ಇದರಿಂದ ಭಾವಿಸಬಾರದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (12ನೆಯ ಶತಮಾನ) ಉಪಭೋಗಗಳಲ್ಲಿ ಆಸನಕ್ಕೂ ಶಯ್ಯೆಗೂ ಬೇರೆ ಬೇರೆ ಪ್ರಕರಣಗಳನ್ನು ಮೀಸಲಿಟ್ಟಿದೆ. ಅದು ಅರಮನೆಯ ಮಾತು. ಜನಸಾಮಾನ್ಯರ ಮನೆಯಲ್ಲಿ ಕೂಡುವುದು ನೆಲಕ್ಕೆ ಹತ್ತಿರ, ಮಣೆಯ ಮೇಲೆ. 1883ರ ಕೆನರಾ ಗ್ಯಾಸೆಟಿಯರ್ ಹಲವು ಸಮುದಾಯಗಳ ಮನೆಗಳನ್ನು ಬಣ್ಣಿಸುವಾಗ ಒಳಗಿನ ಸಾಮಾನುಗಳನ್ನೂ ಹೆಸರಿಸುತ್ತದೆ. ಸಂಶೋಧಕರು ಆ ಪುಟಗಳನ್ನು ಜಾತಿವಿವರಕ್ಕೆ ಮಾತ್ರ ತಿರುವಿಹಾಕುವುದು ವಿಷಾದಕರ. ಭಾಷೆಯೂ ಇದಕ್ಕೆ ಸಾಕ್ಷಿ. ‘ಮಣೆ’ ದ್ರಾವಿಡ ಪದ, ‘ಮಂಚ’ ‘ಪೀಠ’ಗಳು ಸಂಸ್ಕೃತ, ನೆಲದಿಂದ ಕಾಲು ಎತ್ತಿಸಿದ ‘ಕುರ್ಚಿ’ ಅರಬ್ಬಿ ಮೂಲದಿಂದಲೂ ಕರಾವಳಿಯ ‘ಬಾಂಕು’ ಪೋರ್ಚುಗೀಸಿನಿಂದಲೂ ಬಂದವು. ‘ಟೀಪಾಯಿ’ಯಲ್ಲಿ ಚಹದ ವಾಸನೆ ಹುಡುಕುವವರು ನಮ್ಮಲ್ಲಿ ಅನೇಕರು. ಅದು ‘ತೀನ್ ಪಾಯ’, ಮೂರು ಕಾಲಿನದು. ಇಂಗ್ಲಿಷರ ಕಿವಿಯಲ್ಲಿ ಚಹವಾಯಿತು.

ಮರದ ಹಿಂದೆಯೇ ಜನರೂ ಮುಂಬಯಿಗೆ ಹೋದರು. ಕೆನರಾದಿಂದ ವಲಸೆ ಬಂದ ಚಿತ್ರಾಪುರ ಸಾರಸ್ವತರು ಎಸ್.ಎಸ್. ತಲ್ಮಕಿ ಅವರ ಮುಂದಾಳುತನದಲ್ಲಿ 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ಗೃಹ ಸಂಘವನ್ನು ಸ್ಥಾಪಿಸಿದರು. ಮನೆಮಾತು ಕೊಂಕಣಿಯಾದರೂ ಇವರಲ್ಲಿ ಅನೇಕರ ಶಾಲೆಯ ಭಾಷೆ ಕನ್ನಡ. ಅಂಗಳ, ಜಗಲಿ, ನಡುಮನೆಗಳಿಗೆ ಒಗ್ಗಿದ್ದ ಕುಟುಂಬಗಳು ಕೆಲವೇ ಕೋಣೆಗಳಿಗೆ ಹೊಂದಿಕೊಳ್ಳಬೇಕಾಯಿತು. ಹಗಲು ಕೂಡುವ ಕೋಣೆಯೇ ಇರುಳು ಮಲಗುವ ಕೋಣೆಯಾದ ಮನೆಯಲ್ಲಿ ಕೆತ್ತನೆಯ ಬೀಟೆಗೆ ಜಾಗವೆಲ್ಲಿ?

1930ರ ದಶಕದಲ್ಲಿ ಮರೀನ್ ಡ್ರೈವ್, ಮಾಟುಂಗಾಗಳಲ್ಲಿ ಆರ್ಟ್ ಡೆಕೊ ಕಟ್ಟಡಗಳೆದ್ದಾಗ ಪೀಠೋಪಕರಣಗಳೂ ಕೆತ್ತನೆ ಕಳಚಿ ಗುಂಡಂಚಿನ, ನುಣುಪು ಮೈಯವಾದವು. 1937ರ ನವೆಂಬರಿನಲ್ಲಿ ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆ ಟೌನ್ ಹಾಲಿನಲ್ಲಿ ಏರ್ಪಡಿಸಿದ ‘ಐಡಿಯಲ್ ಹೋಮ್’ ಪ್ರದರ್ಶನ, ಕೋಣೆ ಮತ್ತು ಅದರ ಸಾಮಾನು ಒಂದೇ ರಚನೆ ಎಂಬ ವಿಚಾರವನ್ನು ಮಧ್ಯಮ ವರ್ಗದ ಮುಂದಿರಿಸಿತು. ಮಂಗಳೂರಿನ ಡೊಂಗರಕೇರಿಯನ್ನು ನೆನಪಿಸುವ ಮನೆತನದ ಹೆಸರುಳ್ಳ ಕಮಲಾ ಡೊಂಗರಕೇರಿ ಅವರು ಭಾರತೀಯ ಗೃಹಾಲಂಕಾರದ ಹಿಂದು ಇಂದುಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1973ರಲ್ಲಿ ಮುಂಬಯಿಯಿಂದಲೇ ಪ್ರಕಟವಾಯಿತು.

ಈಗ ಹಳೆಯ ಕಟ್ಟಡಗಳು ಪುನರ್ನಿರ್ಮಾಣಕ್ಕಾಗಿ ಉರುಳುತ್ತಿವೆ. ಮನೆ ಖಾಲಿಮಾಡುವ ವಾರದಲ್ಲಿ ಮಂಚ, ಕಪಾಟು, ಕನ್ನಡಿಮೇಜುಗಳು ಗುಜರಿಯವನ ಪಾಲಾಗಿ, ಹೊಳಪೇರಿಸಿಕೊಂಡು ‘ಪೀರಿಯಡ್’ ಸಾಮಾನಾಗಿ ಮತ್ತೊಂದು ಉಪನಗರದ ಮನೆ ಸೇರುತ್ತವೆ. ನಮ್ಮ ದೃಷ್ಟಿಯಲ್ಲಿ ಈ ಹೊಳಪೇ ದೊಡ್ಡ ಹಾನಿ. ಉಳಿಯ ಗುರುತು, ಹಳೆಯ ದುರಸ್ತಿ, ತಳದಲ್ಲಿ ಬರೆದ ಅಂಕೆಗಳು ಅದರೊಡನೆ ಅಳಿಯುತ್ತವೆ. 2017ರಿಂದ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲವಿಡೀ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿದ್ದು ಮರದ ಗುರುತಿಗೆ ಬೆಲೆ ಬಂದಿದೆ. ಮನೆಯ ಗುರುತಿಗೆ ಇನ್ನೂ ಬಂದಿಲ್ಲ. ಮುಂಬಯಿಯಲ್ಲಿರುವ ಸಂಶೋಧಕ ಮಿತ್ರರು ಗಾಮದೇವಿ, ತಾಡದೇವದ ತಲ್ಮಕಿವಾಡಿ, ಮಾಟುಂಗಾಗಳ ಮನೆಗಳಲ್ಲಿ ಸಾಮಾನಿನ ಅಳತೆ, ಅದು ನಿಂತಿದ್ದ ಮೂಲೆ, ತಂದವರು ಯಾರು ಎಂಬ ವಿವರಗಳನ್ನು ಬರೆದಿಟ್ಟುಕೊಳ್ಳಬೇಕು. ಮನೆಯ ಹಿರಿಯ ಹೆಂಗಸರು ಅದನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು ಎಂಬುದನ್ನೂ, ಆ ಹೆಸರು ಕನ್ನಡದ್ದೋ ಕೊಂಕಣಿಯದೋ ಮರಾಠಿಯದೋ ಎಂಬುದನ್ನೂ ಕೇಳಿ ದಾಖಲಿಸಬೇಕು.