‘ನೂಡಲ್ಸ್’ ಪದದ ಶುದ್ಧರೂಪ: ಒಂದು ಐತಿಹಾಸಿಕ ವಿವೇಚನೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಪೇಟೆಗಳ ತಿಂಡಿಗಾಡಿಗಳ ಫಲಕಗಳಲ್ಲಿ ಒಂದೇ ತಿನಿಸಿನ ಹೆಸರು ‘ನೂಡಲ್ಸ್’, ‘ನ್ಯೂಡಲ್ಸ್’, ‘ನೋಡಲ್ಸ್’ ಎಂದು ಬಗೆಬಗೆಯಾಗಿ ಕಾಣುವುದುಂಟು. ಇವುಗಳಲ್ಲಿ ಶುದ್ಧರೂಪ ಯಾವುದು, ಅದರ ನಿರ್ಣಯಕ್ಕೆ ಇತಿಹಾಸವು ಹೇಗೆ ನೆರವಾಗುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಈ ಪದದ ಮೂಲ ಜರ್ಮನ್ ಭಾಷೆಯ ‘ನೂಡೆಲ್’. ಅಲ್ಲಿ ಅದು 16ನೆಯ ಶತಮಾನದಿಂದ ಬಳಕೆಯಲ್ಲಿದೆ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷು ಇದನ್ನು ಎರವು ಪಡೆದು, ಕೊನೆಗೆ ತನ್ನ ಬಹುವಚನ ಪ್ರತ್ಯಯವಾದ ಸಕಾರವನ್ನು ಸೇರಿಸಿತು. 1980ರ ದಶಕದಲ್ಲಿ ಪೊಟ್ಟಣಗಳ ಮೂಲಕ ಪ್ರಚಾರಕ್ಕೆ ಬಂದ ತಿನಿಸಿನೊಡನೆ ಪದವೂ ಕನ್ನಡಿಗರಲ್ಲಿ ಬಳಕೆಯಾಯಿತು. ಆದುದರಿಂದ ‘ನೂ’ ಜರ್ಮನ್ ಮೂಲವನ್ನೂ, ಕೊನೆಯ ‘ಸ್’ ಇಂಗ್ಲಿಷಿನ ದಾರಿಯನ್ನೂ ಸೂಚಿಸುತ್ತವೆ. ಜರ್ಮನ್ನಿನಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಮೊದಲಕ್ಷರದಲ್ಲಿ ಯಕಾರಕ್ಕೆ ಎಡೆಯಿಲ್ಲ. ‘ನ್ಯೂ’ ಎಂಬುದು ನ್ಯೂಸ್, ನ್ಯೂಯಾರ್ಕ್ ಮೊದಲಾದ ಪದಗಳ ಸಾದೃಶ್ಯದಿಂದಲೂ, ‘ನೋ’ ಎಂಬುದು ಇಂಗ್ಲಿಷ್ ಕಾಗುಣಿತದ ಜೋಡಿ ‘ಓ’ಗಳಿಂದಲೂ ಹುಟ್ಟಿರಬೇಕೆಂದು ತೋರುತ್ತದೆ.

ಇದು ಕೇವಲ ಒಂದು ಒತ್ತಕ್ಷರದ ವಿಚಾರವೆಂದು ತಳ್ಳಿಹಾಕುವಂತಿಲ್ಲ. ‘ನ್ಯೂ’ ಎಂದು ಬರೆದಾಗ ಪದಕ್ಕೆ ‘ಹೊಸತು’ ಎಂಬ ಇಲ್ಲದ ಅರ್ಥವು ಅಂಟಿಕೊಳ್ಳುತ್ತದೆ. ಹಿಟ್ಟನ್ನು ಎಳೆಯಾಗಿಸಿ ಬೇಯಿಸುವ ಕ್ರಮವು ಕನ್ನಡನಾಡಿಗೆ ಹೊಸತಲ್ಲ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿಯೇ ಶಾವಿಗೆಯ ಪ್ರಸ್ತಾಪವಿದೆ. ಈ ಭಾಗದ ಮನೆಗಳಲ್ಲಿ ಬೇಸಗೆಯಲ್ಲಿ ಗೋದಿಯ ಶಾವಿಗೆ ಹೊಸೆದು ಒಣಗಿಸುವ ವಾಡಿಕೆ ಇಂದಿಗೂ ಅಳಿದಿಲ್ಲ. ಹಾಗೆಂದು ನೂಡಲ್ಸನ್ನು ಶಾವಿಗೆಯೆಂದೇ ಕರೆಯಬೇಕೆಂಬುದು ನಮ್ಮ ವಾದವಲ್ಲ. ಪಾಯಸಕ್ಕೆ ಒದಗುವುದೂ ಗಾಡಿಯ ಬಾಣಲೆಯಲ್ಲಿ ಹುರಿಯುವುದೂ ಬೇರೆ ಬೇರೆ ತಿನಿಸುಗಳು. ಎರಡಕ್ಕೂ ಪ್ರತ್ಯೇಕ ಹೆಸರುಗಳಿರುವುದು ಯುಕ್ತವೇ. ಆದರೆ ಎರವಿನ ಪದವಾದರೂ ಅದರ ಪೂರ್ವಚರಿತ್ರೆ ಕೆಡದಂತೆ ಬರೆಯಬೇಕು.

ಈ ವಿಷಯದಲ್ಲಿ ಜರ್ಮನ್ನರೇ ನಮಗೆ ಮೇಲ್ಪಂಕ್ತಿ ಹಾಕಿದ್ದಾರೆ. 19ನೆಯ ಶತಮಾನದಲ್ಲಿ ಬಾದಾಮಿಗೆ ಸಮೀಪದ ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ನಿನ ಕೇಂದ್ರವಿದ್ದಿತು. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ನಿಘಂಟುವಿನಲ್ಲಿ ಕನ್ನಡ ಪದಗಳನ್ನು ರೋಮನ್ ಲಿಪಿಯಲ್ಲಿಯೂ ಹ್ರಸ್ವ-ದೀರ್ಘ ಭೇದ ತಪ್ಪದಂತೆ ಗುರುತಿಸಿದರು. ನಮ್ಮ ಸಾವಿರಾರು ಪದಗಳಿಗೆ ಅವರು ತೋರಿದ ಆ ಎಚ್ಚರವನ್ನು ಅವರ ಭಾಷೆಯ ಒಂದು ಪದಕ್ಕೆ ನಾವು ತೋರುವುದು ಉಚಿತ. ‘ನೂಡಲ್ಸ್’ ಎಂಬುದೇ ಗ್ರಾಹ್ಯವಾದ ರೂಪವೆಂದು ನಮ್ಮ ಅಭಿಪ್ರಾಯ.