ಎಕ್ಸ್-ಮೆನ್ ಓದಲು ಹಲಗಲಿಯ ದಾರಿ

ಕಳೆದ ದೀಪಾವಳಿಗೆ ಬನಹಟ್ಟಿಗೆ ಹೋಗಿದ್ದೆ. ಜಮಖಂಡಿಯಲ್ಲಿ ಬಿ.ಎ. ಓದುತ್ತಿರುವ ಕಾಕಾನ ಮಗ ಕೇಳಿದ: “ಅಕ್ಕಾ, ಎಕ್ಸ್-ಮೆನ್ ಕಾಮಿಕ್ಸ್ ಓದಬೇಕಂತೀನಿ. ಅರವತ್ತು ವರ್ಷದ ಸಂಚಿಕೆ ಅದಾವು. ಎಲ್ಲಿಂದ ಚಾಲೂ ಮಾಡ್ಲಿ?” ಲಾವಣಿಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನ್ನ ಬಾಯಿಂದ ತಟ್ಟನೆ ಬಂದ ಉತ್ತರ: “ಹಲಗಲಿಯಿಂದ.”

“ಅದು ಎಸ್ಸೆಸ್ಸೆಲ್ಸಿಗೆ ಪಾಠ ಇತ್ತಲ್ಲಕ್ಕಾ!” ಎಂದು ನಕ್ಕ. ಮುಧೋಳ, ಬೀಳಗಿ, ರಬಕವಿ ಕಡೆಯ ಹುಡುಗರಿಗೆ ಹಲಗಲಿ ನೆರೆಯೂರು. ಆದರೂ ಅದು ಪರೀಕ್ಷೆಯ ನಾಲ್ಕು ಅಂಕಗಳಾಗಿಯೇ ನೆನಪಿನಲ್ಲಿ ಉಳಿದಿರುತ್ತದೆ.

ಹಲಗಲಿ ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. 1857ರಲ್ಲಿ ಬ್ರಿಟಿಷರು ಜನರ ಕೈಯಲ್ಲಿದ್ದ ಆಯುಧಗಳನ್ನು ಕಸಿದುಕೊಳ್ಳುವ ಕಾಯ್ದೆ ತಂದರು. ಬೇಟೆಯೇ ಬದುಕಾಗಿದ್ದ ಬೇಡರಿಗೆ ಆಯುಧ ಅನ್ನವೂ ಹೌದು, ಮಾನವೂ ಹೌದು. ಅವರು ಕೊಡಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಜನರನ್ನು ಗಲ್ಲಿಗೇರಿಸಿದರು.

ಸರ್ಕಾರಿ ಕಡತ ಇಂಥ ಸಂಖ್ಯೆಗಳನ್ನು ಕೊಡುತ್ತದೆ. ಲಾವಣಿ ಜಡಗ, ಬಾಲ, ಹನುಮ, ರಾಮ ಎಂದು ಹೆಸರು ಹಿಡಿದು ಕರೆಯುತ್ತದೆ, ಸೋಲನ್ನೂ ಮುಚ್ಚಿಡುವುದಿಲ್ಲ. 1880ರ ದಶಕದಲ್ಲಿ ಈ ಲಾವಣಿಯನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ ಜೆ.ಎಫ್. ಫ್ಲೀಟ್ ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿದ್ದರು ಎಂಬುದು ಚರಿತ್ರೆಯ ವಿಚಿತ್ರ.

ತಂಡದ ಕಥೆ ಮಾಡಬೇಕಾದ ಕೆಲಸವೂ ಇದೇ. ಸರ್ಕಾರ ‘ಗುಂಪು’ ಎಂದು ಕರೆದವರನ್ನು ಅದು ಒಬ್ಬೊಬ್ಬರಾಗಿ ತೋರಿಸಬೇಕು. ಎಕ್ಸ್-ಮೆನ್‌ನ ಒಳ್ಳೆಯ ಕಥೆಗಳು ಈ ಕೆಲಸ ಮಾಡುತ್ತವೆ. ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದ ‘ಮ್ಯೂಟಂಟ್’ಗಳು ಇವರು; ಜಗತ್ತು ಇವರಿಗೆ ಹೆದರುತ್ತದೆ, ಹೆದರಿ ದ್ವೇಷಿಸುತ್ತದೆ.

ಹೊಸಬರು 1963ರ ಮೊದಲ ಸಂಚಿಕೆಯಿಂದ ಹೊರಡಬೇಕಿಲ್ಲ. ಸ್ಟ್ಯಾನ್ ಲೀ, ಜಾಕ್ ಕರ್ಬಿ ಕಟ್ಟಿದ ಆ ತಂಡದಲ್ಲಿ ಐವರೂ ಅಮೆರಿಕದ ಬಿಳಿಯ ಹುಡುಗರು. 1970ರ ಹೊತ್ತಿಗೆ ಹೊಸ ಕಥೆಗಳೇ ನಿಂತುಹೋದವು. 1975ರ ‘ಜೈಂಟ್-ಸೈಜ್ ಎಕ್ಸ್-ಮೆನ್’ ಮೊದಲ ಸಂಚಿಕೆಯನ್ನು ಕೈಗೆತ್ತಿಕೊಳ್ಳಿ. ಲೆನ್ ವೀನ್ ಬರೆದು, ಡೇವ್ ಕಾಕ್ರಮ್ ಚಿತ್ರ ಬಿಡಿಸಿದ್ದು. ಕೀನ್ಯಾ, ಜರ್ಮನಿ, ರಷ್ಯಾ, ಕೆನಡಾಗಳಿಂದ ಬಂದವರು ಇಲ್ಲಿ ಜಗಳವಾಡುತ್ತಲೇ ತಂಡವಾಗುತ್ತಾರೆ. ಅವರಲ್ಲೊಬ್ಬ ಬೇಗನೆ ಸಾಯುತ್ತಾನೆ, ಯಾರೆಂದು ಹೇಳುವುದಿಲ್ಲ.

ಆಮೇಲೆ 1981ರ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’, ಸಂಚಿಕೆ 141 ಮತ್ತು 142. ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಾನ್ ಬರ್ನ್ ಜೋಡಿಯದು. ಭವಿಷ್ಯದ ನ್ಯೂಯಾರ್ಕ್‌ನಲ್ಲಿ ಮ್ಯೂಟಂಟ್‌ಗಳನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದಾರೆ, ಬಟ್ಟೆಯ ಮೇಲೆ ‘ಎಂ’ ಗುರುತು. ಅಲ್ಲಿಯ ಗೋರಿಕಲ್ಲುಗಳ ಮೇಲೆ ನಮಗೆ ಪರಿಚಯವಾದ ಹೆಸರುಗಳು ಕಾಣುತ್ತವೆ. ಅನಂತರ 1982ರ ‘ಗಾಡ್ ಲವ್ಸ್, ಮ್ಯಾನ್ ಕಿಲ್ಸ್’. ಧರ್ಮಪ್ರಚಾರಕನೊಬ್ಬ ದ್ವೇಷ ಬಿತ್ತುವ ಈ ಕಥೆ ತನ್ನಷ್ಟಕ್ಕೆ ಪೂರ್ಣ, ಹಿಂದುಮುಂದು ತಿಳಿದಿರಬೇಕಿಲ್ಲ.

ಎರಡೂ ಒಂದೇ ಎನ್ನುತ್ತಿಲ್ಲ. ಕಾಮಿಕ್ಸಿನಲ್ಲಿ ಒಬ್ಬಳು ಕಾಲದಲ್ಲಿ ಹಿಂದಕ್ಕೆ ಹೋಗಿ ಆಗಬಾರದ್ದನ್ನು ತಡೆಯಲು ಹೆಣಗುತ್ತಾಳೆ. ಹಲಗಲಿಗೆ ಆ ಅವಕಾಶ ಇರಲಿಲ್ಲ. ಜಡಗ, ಬಾಲ ತಿರುಗಿ ಬರಲಿಲ್ಲ. ಅವರ ಹೆಸರನ್ನು ಲಾವಣಿ ಹಾಡುವವರು ಉಳಿಸಿಕೊಂಡರು.

ಮೊನ್ನೆ ತಮ್ಮ ಫೋನ್ ಮಾಡಿದ್ದ. 141ನೆಯ ಸಂಚಿಕೆ ಮುಗಿಸಿದ್ದನಂತೆ. ಗೋರಿಗಳ ಪುಟದ ಬಗ್ಗೆ ಹೇಳುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಬೇರೆ: “ಅಕ್ಕಾ, ಆ ಹತ್ತೊಂಬತ್ತು ಮಂದಿ ಎಲ್ಲಾರ ಹೆಸರೂ ಲಾವಣ್ಯಾಗ ಅದಾವೇನು?”